ಹಪ್ಪಳದ ಪೋಸ್ಟರ್‌ಗೆ ಚಲನೆ: ಕ್ಯಾನ್ವಾದಲ್ಲಿ ಅನಿಮೇಷನ್ ಮಾಡುವ ಬಗೆ

ಏಪ್ರಿಲ್ ಬಂತೆಂದರೆ ನಮ್ಮ ಅತ್ತಿಗೆ ಮನೆಯ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಾಪೆ ತುಂಬ ಹಲಸಿನ ಹಪ್ಪಳ. ಜಗಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗಳು. ಸಾಗರದ ಹತ್ತಿರದ ಹಳ್ಳಿ ಅದು. ಮಳೆ ಹಿಡಿಯುವುದರೊಳಗೆ ಹಪ್ಪಳ ಒಣಗಬೇಕು, ಮಾರಾಟವೂ ಆಗಬೇಕು. ಮೊದಲೆಲ್ಲ ಗೊತ್ತಿದ್ದವರು ಮನೆಗೇ ಬಂದು ಒಯ್ಯುತ್ತಿದ್ದರು. ಈಗ ಶಿವಮೊಗ್ಗ, ಬೆಂಗಳೂರಿನಿಂದಲೂ ಕೇಳುವವರಿದ್ದಾರೆ. ಅವರಿಗೆಲ್ಲ ಸುದ್ದಿ ಮುಟ್ಟುವುದು ವಾಟ್ಸಾಪ್ ಸ್ಟೇಟಸ್‌ನಿಂದ.

"ಎಲ್ಲರ ಸ್ಟೇಟಸ್ಸೂ ಕುಣೀತಾ ಇರುತ್ತೆ, ನಮ್ಮದು ಮಾತ್ರ ಸುಮ್ನೆ ನಿಂತಿರುತ್ತೆ. ಏನಾದ್ರೂ ಮಾಡಿಕೊಡೇ" ಎಂದು ಅತ್ತಿಗೆ ಕೇಳಿದರು. ಖುಷಿಯಿಂದ ಕೂತು ಮಾಡಿಕೊಟ್ಟೆ. ಹೆಸರು ಎಗರುತ್ತಿತ್ತು. ಭರಣಿ ತಿರುಗುತ್ತಿತ್ತು. ಬೆಲೆ ಮಿನುಗುತ್ತಿತ್ತು. ಫೋನ್ ನಂಬರ್ ಎಡದಿಂದ ಬಂದು ಬಲಕ್ಕೆ ಹೋಗುತ್ತಿತ್ತು. ಸ್ಟೇಟಸ್ ನೋಡಿದವರು ಒಬ್ಬರಾದ ಮೇಲೆ ಒಬ್ಬರು ಮೆಸೇಜ್ ಮಾಡಿ "ಬೆಲೆ ಎಷ್ಟು?" ಎಂದು ಕೇಳಿದರು. ಬೆಲೆ ಪೋಸ್ಟರ್‌ನಲ್ಲೇ ಇತ್ತು. ಓದಲು ಆಗಿರಲಿಲ್ಲ, ಅಷ್ಟೇ.

ಅವತ್ತಿನಿಂದ ನಾನು ಹಿಡಿದುಕೊಂಡ ನಿಯಮ ಒಂದೇ. ನೋಡುವವರ ಕಣ್ಣು ಎಲ್ಲಿಗೆ ಹೋಗಬೇಕೋ ಅದು ಮಾತ್ರ ಅಲುಗಾಡಬೇಕು. ಉಳಿದದ್ದೆಲ್ಲ ನಿಂತಿರಬೇಕು. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ. ಉದಾಹರಣೆಗೆ ಅದೇ ಹಪ್ಪಳ, ಉಪ್ಪಿನಕಾಯಿಯ ಪೋಸ್ಟರ್ ಇಟ್ಟುಕೊಳ್ಳೋಣ. ನೀವು ಜಾತ್ರೆಗೆ ಮಾಡಿ, ಸಂಘದ ಸಭೆಗೆ ಮಾಡಿ, ಶಾಲೆಯ ವಾರ್ಷಿಕೋತ್ಸವಕ್ಕೆ ಮಾಡಿ, ಕೆಲಸ ಇದೇ.

ನಾನು ಬಳಸುವುದು ಕ್ಯಾನ್ವಾ, ಪೋಸ್ಟರ್, ಕಾರ್ಡ್ ಎಲ್ಲ ವಿನ್ಯಾಸ ಮಾಡುವ ಸಾಧನ. ಆಸ್ಟ್ರೇಲಿಯಾದ ಕಂಪನಿ, 2013ರಲ್ಲಿ ಶುರುವಾಯಿತು. ಬ್ರೌಸರ್‌ನಲ್ಲೂ ನಡೆಯುತ್ತದೆ, ಫೋನಿನ ಆ್ಯಪ್‌ನಲ್ಲೂ ನಡೆಯುತ್ತದೆ. ಉಚಿತ ಖಾತೆ ಸಾಕು. ಕಿರೀಟದ ಗುರುತು ಇರುವುದೆಲ್ಲ ದುಡ್ಡು ಕೊಡುವವರಿಗೆ. ಅದನ್ನು ಮುಟ್ಟದೆಯೇ ಇಲ್ಲಿ ಹೇಳುವುದನ್ನೆಲ್ಲ ಮಾಡಬಹುದು. ಶಾಲೆಯ ಮೇಷ್ಟ್ರು, ಟೀಚರ್‌ಗಳಿಗೆ ಮಾತ್ರ ಒಂದು ಮಾತು: ಶಿಕ್ಷಕರೆಂದು ದೃಢಪಡಿಸಿಕೊಂಡರೆ ಶಾಲೆಗಳ ಆವೃತ್ತಿ ಪುಕ್ಕಟೆಯಾಗಿ ಸಿಗುತ್ತದೆ. ಕೇಳಿಕೊಳ್ಳಿ.

ಮೊದಲು ಚೀಟಿಯಲ್ಲಿ ಬರೆಯಿರಿ

ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಚೀಟಿ ತೆಗೆದುಕೊಳ್ಳಿ. ಪೋಸ್ಟರ್‌ನಲ್ಲಿ ಏನೇನು ಇರಬೇಕು ಬರೆಯಿರಿ. ನಮ್ಮದರಲ್ಲಿ ಐದು ಇತ್ತು: ಮೇಲೆ ಹೆಸರು, ಭರಣಿಯ ಫೋಟೋ, "ಈ ವರ್ಷದ ಹಪ್ಪಳ, ಉಪ್ಪಿನಕಾಯಿ ರೆಡಿ" ಎಂಬ ಸಾಲು, ಬೆಲೆ, ಫೋನ್ ನಂಬರ್. ಇವುಗಳಲ್ಲಿ ಎರಡಕ್ಕೆ ಮಾತ್ರ ಗುರುತು ಹಾಕಿ. ಒಂದು ಕಣ್ಣು ಸೆಳೆಯುವುದು, ಇನ್ನೊಂದು ನೆನಪಿನಲ್ಲಿ ಉಳಿಯಬೇಕಾದದ್ದು. ನಾನು ಗುರುತು ಹಾಕಿದ್ದು ಭರಣಿಗೆ ಮತ್ತು ಬೆಲೆಗೆ. ಈ ಎರಡಕ್ಕೆ ಮಾತ್ರ ಚಲನೆ. ಮೂರನೆಯದಕ್ಕೂ ಆಸೆಯಾಗುತ್ತದೆ. ತಡೆದುಕೊಳ್ಳಿ.

ನಿಂತ ಚಿತ್ರವೇ ಮೊದಲು ಚೆನ್ನಾಗಿರಲಿ

ಕ್ಯಾನ್ವಾದಲ್ಲಿ ಹೊಸ ವಿನ್ಯಾಸ ತೆರೆಯುವಾಗ ಅಳತೆ ಕೇಳುತ್ತದೆ. ಸ್ಟೇಟಸ್‌ಗೆ ಉದ್ದನೆಯದು ಬೇಕು: ಅಗಲ 1080, ಎತ್ತರ 1920 ಪಿಕ್ಸೆಲ್. ಇನ್‌ಸ್ಟಾಗ್ರಾಮ್‌ನ ಚೌಕದ ಪೋಸ್ಟ್‌ಗೆ 1080, 1080. ಅಳತೆ ಮೊದಲೇ ಸರಿಯಾಗಿ ಹಾಕಿಕೊಳ್ಳಿ. ಚಲನೆ ಕೊಟ್ಟ ಮೇಲೆ ಅಳತೆ ಬದಲಾಯಿಸಿದರೆ ಎಲ್ಲವನ್ನೂ ಮತ್ತೆ ಜೋಡಿಸುವ ಕೆಲಸ ಬೀಳುತ್ತದೆ.

ಇನ್ನು ಕನ್ನಡ ಅಕ್ಷರ. ಇದರಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ನಮ್ಮೂರ ಕಡೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಮ್ಯಾಟರ್ ಎಷ್ಟೋ ಸಲ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಇರುತ್ತದೆ. ಅದನ್ನು ಕಾಪಿ ಮಾಡಿ ಕ್ಯಾನ್ವಾದಲ್ಲಿ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಬಗೆಗೆ, ಪರಿವರ್ತಿಸಬೇಕು, ಅಥವಾ ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಬೇಕು. ನಾಲ್ಕು ಸಾಲಿಗೆ ಎರಡನೆಯದೇ ಸುಲಭ. ಫಾಂಟ್ ಪಟ್ಟಿಯಲ್ಲಿ ಕನ್ನಡಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ. ನನಗೆ ನೋಟೋ ಸಾನ್ಸ್ ಕನ್ನಡ ಇಷ್ಟ. ಸಣ್ಣ ಪರದೆಯಲ್ಲೂ ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ.

ಸಾಲುಗಳ ನಡುವಿನ ಜಾಗವನ್ನೂ ಸ್ವಲ್ಪ ಹೆಚ್ಚಿಸಿ. ಇಂಗ್ಲಿಷಿಗೆ ಸಾಕಾಗುವ ಜಾಗ ಕನ್ನಡಕ್ಕೆ ಸಾಲದು. "ಹಪ್ಪಳ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಿಂತಾಗಲೇ ತಾಗಿದ್ದು, ಅಲುಗಾಡುವಾಗ ಇನ್ನೂ ಕಷ್ಟ.

ಫೋಟೋ ಬಗ್ಗೆ ಒಂದು ಉಪಾಯ. ಚಿತ್ರದ ಹಿನ್ನೆಲೆ ತೆಗೆಯುವ ಸೌಲಭ್ಯ ದುಡ್ಡಿನದು. ಅದರ ಬದಲು ಭರಣಿಯನ್ನು ಒಂದೇ ಬಣ್ಣದ ಗೋಡೆಯ ಮುಂದೆ ಇಟ್ಟು, ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅತ್ತಿಗೆ ಮನೆಯ ಕೆಮ್ಮಣ್ಣು ಬಳಿದ ಗೋಡೆ ಇದಕ್ಕೆ ಹೇಳಿಮಾಡಿಸಿದಂತಿದೆ. ಆಮೇಲೆ ಕ್ಯಾನ್ವಾದಲ್ಲಿ ಪೋಸ್ಟರ್‌ನ ಹಿನ್ನೆಲೆಗೂ ಅದೇ ಬಣ್ಣ ಕೊಡಿ. ಬಣ್ಣದ ಪಟ್ಟಿಯಲ್ಲಿ ನಿಮ್ಮ ಫೋಟೋದಲ್ಲಿರುವ ಬಣ್ಣಗಳನ್ನೂ ಅದು ತೋರಿಸುತ್ತದೆ. ಫೋಟೋವನ್ನು ದುಂಡನೆಯ ಅಥವಾ ಕಮಾನಿನ ಆಕಾರದ ಫ್ರೇಮ್‌ನೊಳಗೆ ಹಾಕಿ. ಆಗ ಭರಣಿ ಮೇಲೆದ್ದು ಬರುವಾಗ ಫೋಟೋದ ಚೌಕ ಅಂಚು ಕಣ್ಣಿಗೆ ಕುಕ್ಕುವುದಿಲ್ಲ.

ಇಷ್ಟಾದ ಮೇಲೆ ಫೋನನ್ನು ಕೈ ಚಾಚಿದಷ್ಟು ದೂರ ಹಿಡಿದು ನೋಡಿ. ಬೆಲೆ, ನಂಬರ್ ಓದಲು ಬರುತ್ತಿದೆಯಾ? ಬರದಿದ್ದರೆ ಇಲ್ಲೇ ಸರಿಮಾಡಿ. ನಿಂತಾಗ ಕಾಣದ್ದು ಕುಣಿದಾಗ ಕಾಣುವುದಿಲ್ಲ.

ಅನಿಮೇಟ್ ಗುಂಡಿ

ಈಗ ಭರಣಿಯ ಮೇಲೆ ಒಂದು ಸಲ ಒತ್ತಿ. ಕಂಪ್ಯೂಟರ್‌ನಲ್ಲಾದರೆ ಮೇಲಿನ ಪಟ್ಟಿಯಲ್ಲಿ, ಫೋನಿನಲ್ಲಾದರೆ ಕೆಳಗಿನ ಪಟ್ಟಿಯಲ್ಲಿ "ಅನಿಮೇಟ್" ಎಂಬ ಗುಂಡಿ ಸಿಗುತ್ತದೆ. ಫೋನಿನಲ್ಲಿ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕಾಗಬಹುದು.

ಒಂದು ವ್ಯತ್ಯಾಸ ಚೆನ್ನಾಗಿ ತಿಳಿದುಕೊಳ್ಳಿ. ಯಾವ ವಸ್ತುವನ್ನೂ ಆರಿಸದೆ ಖಾಲಿ ಜಾಗದಲ್ಲಿ ಒತ್ತಿ ಅನಿಮೇಟ್‌ಗೆ ಹೋದರೆ ಅದು ಇಡೀ ಪುಟದ ಅನಿಮೇಷನ್. ಪುಟದಲ್ಲಿರುವುದೆಲ್ಲ ಒಟ್ಟಿಗೆ ಕುಣಿಯುತ್ತದೆ. ವಸ್ತುವನ್ನು ಆರಿಸಿ ಹೋದರೆ ಆ ವಸ್ತುವಿಗೆ ಮಾತ್ರ. ನನ್ನ ಮೊದಲ ಪೋಸ್ಟರ್ ಗೋಜಲಾಗಲು ಇದೂ ಕಾರಣ. ಪುಟಕ್ಕೂ ಕೊಟ್ಟಿದ್ದೆ, ಬಿಡಿ ವಸ್ತುಗಳಿಗೂ ಕೊಟ್ಟಿದ್ದೆ. ಎಲ್ಲವೂ ಗೋಜಲಾದರೆ "ಎಲ್ಲ ಅನಿಮೇಷನ್ ತೆಗೆ" ಎಂಬ ಆಯ್ಕೆ ಅದೇ ಪಟ್ಟಿಯ ಕೊನೆಯಲ್ಲಿದೆ. ಒತ್ತಿ, ಮೊದಲಿನಿಂದ ಶುರು ಮಾಡಿ.

ಪಟ್ಟಿಯಲ್ಲಿ ಹತ್ತಾರು ಶೈಲಿಗಳಿವೆ. ಎಲ್ಲವನ್ನೂ ಕಲಿಯಬೇಕಿಲ್ಲ. ನಾನು ದಿನಾ ಬಳಸುವುದು ನಾಲ್ಕೇ. "ಫೇಡ್" ಎಂದರೆ ಮಂಜಿನಿಂದ ಹೊರಬಂದ ಹಾಗೆ ನಿಧಾನವಾಗಿ ಕಾಣಿಸುವುದು. ಸಾವಿನ ಸುದ್ದಿ, ಪುಣ್ಯತಿಥಿಯ ಕಾರ್ಡ್‌ಗೆ ಇದೊಂದನ್ನೇ ಬಳಸಿ. "ರೈಸ್" ಎಂದರೆ ಕೆಳಗಿನಿಂದ ಮೇಲಕ್ಕೆ ಬರುವುದು. ಭರಣಿಗೆ ನಾನು ಇದನ್ನೇ ಕೊಟ್ಟೆ. "ಪಾಪ್" ಎಂದರೆ ಪಟಕ್ಕನೆ ಉಬ್ಬಿ ನಿಲ್ಲುವುದು, ಕಾದ ಎಣ್ಣೆಗೆ ಬಿಟ್ಟ ಹಪ್ಪಳ ಅರಳಿದ ಹಾಗೆ. ಬೆಲೆಗೆ ಇದು. "ವೈಪ್" ಎಂದರೆ ಒಂದು ಕಡೆಯಿಂದ ಒರೆಸಿದ ಹಾಗೆ ತೆರೆದುಕೊಳ್ಳುವುದು. ಗೆರೆ, ಅಂಚು, ಕನ್ನಡದ ಸಾಲು ಇವಕ್ಕೆಲ್ಲ ಹೊಂದುತ್ತದೆ.

ಕನ್ನಡ ಬರೆಯುವವರು ಎಚ್ಚರ ವಹಿಸಬೇಕಾದ ಶೈಲಿಯೂ ಒಂದಿದೆ, "ಟೈಪ್‌ರೈಟರ್". ಒಂದೊಂದೇ ಅಕ್ಷರವಾಗಿ ಮೂಡಿಸುವುದು ಅದರ ಕೆಲಸ. ಇಂಗ್ಲಿಷಿಗೆ ಚಂದ. ಕನ್ನಡದಲ್ಲಿ ಒತ್ತಕ್ಷರ ಒಡೆದುಹೋಗಬಹುದು. "ಹಪ್ಪಳ" ಎಂಬುದು ಮೊದಲು "ಹಪ", ಆಮೇಲೆ "ಹಪ್", ಆಮೇಲೆ "ಹಪ್ಪ" ಎಂದು ತಡವರಿಸುತ್ತಾ ಬಂದರೆ ಓದುವವರಿಗೆ ಕಿರಿಕಿರಿ. ಬೇಕೇಬೇಕು ಎಂದರೆ ಅಕ್ಷರದ ಬದಲು ಪದ ಪದವಾಗಿ ಬರುವ ಆಯ್ಕೆ ಹಾಕಿ. ನಾನಾದರೆ ವೈಪ್ ಕೊಟ್ಟು ಮುಗಿಸುತ್ತೇನೆ. ಅಕ್ಷರ ಇಡಿಯಾಗಿಯೇ ಇರುತ್ತದೆ, ಎಡದಿಂದ ಬಲಕ್ಕೆ ಬರೆದ ಹಾಗೂ ಕಾಣುತ್ತದೆ.

ಶೈಲಿ ಆರಿಸಿದ ಮೇಲೆ ಅದರ ಕೆಳಗೆ ಇನ್ನಷ್ಟು ಆಯ್ಕೆಗಳು ತೆರೆದುಕೊಳ್ಳುತ್ತವೆ. ಬರುವಾಗ ಮಾತ್ರವೇ, ಹೋಗುವಾಗ ಮಾತ್ರವೇ, ಎರಡೂ ಬೇಕೇ ಎಂದು ಕೇಳುತ್ತದೆ. "ಬರುವಾಗ ಮಾತ್ರ" ಎಂಬುದನ್ನೇ ಆರಿಸಿ. ಹೋಗುವಾಗಿನ ಅನಿಮೇಷನ್ ಕೊಟ್ಟರೆ ಕೊನೆಗೆ ಬೆಲೆಯೂ ಮಾಯ, ನಂಬರೂ ಮಾಯ. ಕೊನೆಯ ಕ್ಷಣದಲ್ಲಿ ಸ್ಕ್ರೀನ್‌ಶಾಟ್ ತೆಗೆಯುವವರಿಗೆ ಖಾಲಿ ಗೋಡೆ ಸಿಗುತ್ತದೆ. ಕೆಲವು ಶೈಲಿಗಳಲ್ಲಿ ವೇಗ, ದಿಕ್ಕನ್ನೂ ಬದಲಿಸಬಹುದು. ವೇಗವನ್ನು ಸ್ವಲ್ಪ ಇಳಿಸಿದರೆ ಚೆನ್ನ. ತುಂಬಿದ ಭರಣಿಗೆ ತೂಕ ಇದೆ ಅಲ್ವಾ? ಅದು ನಿಧಾನವಾಗಿಯೇ ಏಳಬೇಕು. ಬೆಲೆಯ ಚೀಟಿ ಹಗುರ, ಅದು ಪಟ್ಟನೆ ಬಂದರೆ ಸರಿ. ವಸ್ತುವಿನ ತೂಕಕ್ಕೆ ತಕ್ಕ ಹಾಗೆ ವೇಗ ಕೊಟ್ಟರೆ ನೋಡುವವರಿಗೆ ಅದು ನಿಜ ಅನಿಸುತ್ತದೆ.

ಯಾವುದು ಯಾವಾಗ ಬರಬೇಕು

ಯಕ್ಷಗಾನದ ಒಡ್ಡೋಲಗ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಭಾಗವತರು ಮೊದಲೇ ಬಂದು ಹಿಂದೆ ಕೂತಿರುತ್ತಾರೆ. ಅವರು ಎದ್ದು ಓಡಾಡುವುದಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲಂಚಿನಲ್ಲಿ ಕಿರೀಟ ಕಾಣುತ್ತದೆ, ಆಮೇಲೆ ಮುಖ, ಕೊನೆಗೆ ತೆರೆ ಸರಿದು ಇಡೀ ವೇಷ. ಎಲ್ಲವನ್ನೂ ಒಂದೇ ಸಲ ತೋರಿಸಿಬಿಟ್ಟರೆ ಆ ಸೊಗಸು ಇರುವುದಿಲ್ಲ. ಪೋಸ್ಟರ್‌ಗೂ ಭಾಗವತರು ಬೇಕು, ವೇಷವೂ ಬೇಕು. ಹಿನ್ನೆಲೆ, ಹೆಸರು, ಫೋನ್ ನಂಬರ್ ಇವು ಭಾಗವತರ ಜಾಗದಲ್ಲಿ ಕೂತಿರಲಿ. ಭರಣಿ, ಬೆಲೆ ಇವು ವೇಷ.

ಕ್ಯಾನ್ವಾದಲ್ಲಿ ಇದನ್ನು ಮಾಡುವುದು ಕಂಪ್ಯೂಟರ್‌ನಲ್ಲಿ ಸಲೀಸು. ವಸ್ತುವಿನ ಮೇಲೆ ಬಲಗಡೆಯ ಮೌಸ್ ಗುಂಡಿ ಒತ್ತಿದರೆ "ಟೈಮಿಂಗ್" ತೋರಿಸುವ ಆಯ್ಕೆ ಬರುತ್ತದೆ. ಒತ್ತಿದರೆ ಕೆಳಗೆ ಆ ವಸ್ತುವಿನ ಒಂದು ಪಟ್ಟಿ ಕಾಣುತ್ತದೆ. ಪಟ್ಟಿಯ ಎಡ ತುದಿ ಎಳೆದರೆ ಅದು ಯಾವಾಗ ಬರಬೇಕು ಎಂದು, ಬಲ ತುದಿ ಎಳೆದರೆ ಯಾವಾಗ ಹೋಗಬೇಕು ಎಂದು ಹೇಳಿದ ಹಾಗೆ. ನಮ್ಮ ಪೋಸ್ಟರ್ ಹೀಗಿದೆ: ಒಟ್ಟು 8 ಸೆಕೆಂಡ್. ಹಿನ್ನೆಲೆ, ಹೆಸರು, ಸಾಲು, ನಂಬರ್ ಮೊದಲಿನಿಂದಲೇ ಇವೆ. ಅರ್ಧ ಸೆಕೆಂಡಿಗೆ ಭರಣಿ ಏಳುತ್ತದೆ. 2 ಸೆಕೆಂಡಿಗೆ ಬೆಲೆ ಅರಳುತ್ತದೆ. ಆಮೇಲೆ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಏನೂ ಅಲುಗಾಡುವುದಿಲ್ಲ.

ಆ ಐದು ಸೆಕೆಂಡ್ ದಂಡ ಅಂದುಕೊಳ್ಳಬೇಡಿ. ಜನ ಓದುವುದೇ ಆಗ. ಪುಟದಲ್ಲಿರುವುದನ್ನೆಲ್ಲ ಬಾಯಿಬಿಟ್ಟು ನಿಧಾನವಾಗಿ ಎರಡು ಸಲ ಓದಿ, ಗಡಿಯಾರ ನೋಡಿ. ಅಷ್ಟು ಹೊತ್ತು ಪುಟ ನಿಂತಿರಬೇಕು. ವಯಸ್ಸಾದವರು ನೋಡುವ ಕಾರ್ಡ್ ಆದರೆ ಇನ್ನೂ ಎರಡು ಸೆಕೆಂಡ್ ಸೇರಿಸಿ.

ಹೆಸರನ್ನು ಮೊದಲಿನಿಂದಲೇ ಇಡಲು ಇನ್ನೊಂದು ಕಾರಣವಿದೆ. ವಿಡಿಯೋ ಕಳಿಸಿದಾಗ ಎಷ್ಟೋ ಸಲ ಅದರ ಮೊದಲ ಚಿತ್ರವೇ ಸಣ್ಣದಾಗಿ ಕಾಣುವುದು. ಎಲ್ಲವೂ ಆಮೇಲೆ ಬರುವ ಹಾಗೆ ಮಾಡಿದ್ದರೆ ಅಲ್ಲಿ ಬರೀ ಬಣ್ಣ ಕಾಣುತ್ತದೆ. ಯಾರೂ ಒತ್ತಿ ನೋಡುವುದಿಲ್ಲ.

ಸ್ವಲ್ಪ ಮುಂದಿನ ಕೆಲಸ

ಇಷ್ಟು ಬಂದರೆ ಸಾಕು. ಆದರೂ ಕೈ ಕೂತ ಮೇಲೆ ಎರಡು ವಿಷಯ ಪ್ರಯತ್ನಿಸಿ.

ಒಂದು, ನೀವೇ ದಾರಿ ಎಳೆಯುವುದು. ಅನಿಮೇಟ್ ಪಟ್ಟಿಯಲ್ಲಿ "ಕ್ರಿಯೇಟ್ ಆ್ಯನ್ ಅನಿಮೇಷನ್" ಎಂದಿರುತ್ತದೆ. ಅದನ್ನು ಒತ್ತಿ, ವಸ್ತುವನ್ನು ಹಿಡಿದು ಪುಟದ ಮೇಲೆ ಎಳೆದರೆ ಆ ದಾರಿಯಲ್ಲೇ ಅದು ಚಲಿಸುತ್ತದೆ. ಒಂದು ಹಪ್ಪಳ ಮೇಲಿನಿಂದ ತೇಲಿ ತಟ್ಟೆಗೆ ಇಳಿಯುವ ಹಾಗೆ ಮಾಡಬಹುದು. ಕೈ ನಡುಗಿದ್ದರೂ ಚಿಂತೆಯಿಲ್ಲ. "ಸ್ಮೂತ್" ಎಂದು ಆರಿಸಿದರೆ ದಾರಿ ನಯವಾಗುತ್ತದೆ. ನೇರ ಗೆರೆ ಎಳೆಯಬೇಡಿ, ಸ್ವಲ್ಪ ಬಳುಕಿಸಿ. ಎಲೆಯೂ ಹಾಗೇ ಬೀಳುವುದು.

ಎರಡು, "ಮ್ಯಾಚ್ ಅಂಡ್ ಮೂವ್". ಒಂದು ಪುಟವನ್ನು ನಕಲು ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡನೆಯ ಪುಟದಲ್ಲಿ ಭರಣಿಯನ್ನು ದೊಡ್ಡದು ಮಾಡಿ ಬೇರೆ ಜಾಗಕ್ಕೆ ಸರಿಸಿ. ಎರಡು ಪುಟಗಳ ನಡುವೆ ಟ್ರಾನ್ಸಿಷನ್ (ಒಂದು ಪುಟದಿಂದ ಇನ್ನೊಂದಕ್ಕೆ ಸಾಗುವ ಬಗೆ) ಸೇರಿಸುವ ಕಡೆ ಇದನ್ನು ಆರಿಸಿ. ಮೊದಲ ಜಾಗದಿಂದ ಎರಡನೆಯ ಜಾಗಕ್ಕೆ ಭರಣಿ ತಾನೇ ಬೆಳೆಯುತ್ತಾ ಸರಿಯುತ್ತದೆ. ಎರಡೂ ಪುಟದಲ್ಲಿ ಅದೇ ವಸ್ತು ಇರಬೇಕು, ಅದಕ್ಕೇ ನಕಲು ಮಾಡಿ ಶುರು ಮಾಡುವುದು.

ಹಸೆ ಚಿತ್ತಾರದ ಅಂಚು ಹಾಕುವ ಆಸೆ ನಮ್ಮ ಕಡೆಯ ತುಂಬಾ ಜನಕ್ಕೆ ಇರುತ್ತದೆ. ನನಗೂ ಇತ್ತು. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಗೆರೆಯಾಗಿ ಬರೆಯುವುದನ್ನು ನೋಡಿದವರಿಗೆ ಅದರ ಚಲನೆ ಏನು ಎಂದು ಗೊತ್ತು. ಗೆರೆ ಓಡುತ್ತದೆ, ಜಿಗಿಯುವುದಿಲ್ಲ. ಇಡೀ ಚಿತ್ತಾರ ಪಾಪ್ ಆಗಿ ಎಗರಿದರೆ ನನಗೆ ಸಂಕಟವಾಗುತ್ತದೆ. ಹೀಗೆ ಮಾಡಿ: ಚಿತ್ತಾರದ ಫೋಟೋವನ್ನು ಮೇಲಂಚು, ಎಡ, ಬಲ, ಕೆಳಗೆ ಎಂದು ನಾಲ್ಕು ತುಂಡಾಗಿ ಕತ್ತರಿಸಿ ಪುಟದ ಸುತ್ತ ಜೋಡಿಸಿ. ಒಂದೊಂದಕ್ಕೂ ವೈಪ್ ಕೊಡಿ. ದಿಕ್ಕು ಬೇರೆ ಬೇರೆ ಇರಲಿ, ಒಂದು ಮುಗಿಯುವಾಗ ಇನ್ನೊಂದು ಶುರುವಾಗಲಿ. ಗೆರೆ ಪುಟದ ಸುತ್ತ ನಡೆದು ಬಂದ ಹಾಗೆ ಕಾಣುತ್ತದೆ. ಆಗ ಭರಣಿ, ಬೆಲೆ ಎರಡೂ ಅಲುಗಾಡುವುದು ಬೇಡ, ಚಿತ್ತಾರ ಒಂದೇ ಸಾಕು. ಚಿತ್ತಾರ ಬರೆದವರನ್ನು ಕೇಳಿಯೇ ಬಳಸಿ, ಹೆಸರು ಹಾಕಲು ಒಪ್ಪಿದರೆ ಮೂಲೆಯಲ್ಲಿ ಹೆಸರು ಹಾಕಿ.

ಮಿನುಗುವ ದೀಪ, ಹೊಳೆಯುವ ಅಕ್ಷರ ಇವುಗಳನ್ನು ಕೈಬಿಡಿ. ಸೆಕೆಂಡಿಗೆ 3 ಸಲಕ್ಕಿಂತ ಹೆಚ್ಚು ಮಿನುಗುವುದು ಕೆಲವರಿಗೆ ಮೂರ್ಛೆ ತರಿಸಬಹುದು. ವೆಬ್ ಪುಟಗಳಿಗೆ ಇರುವ ಜಗತ್ತಿನ ಮಾನದಂಡಗಳೂ ಅದನ್ನೇ ಮಿತಿ ಎಂದು ಇಟ್ಟಿವೆ.

ಇಳಿಸಿಕೊಂಡು ಕಳಿಸುವುದು

"ಶೇರ್" ಒತ್ತಿ, "ಡೌನ್‌ಲೋಡ್"ಗೆ ಹೋಗಿ, ಫೈಲಿನ ಬಗೆಯಲ್ಲಿ "ಎಂಪಿ4 ವಿಡಿಯೋ" ಆರಿಸಿ. ಪಿಎನ್‌ಜಿ, ಜೆಪಿಜಿ, ಪಿಡಿಎಫ್ ಆರಿಸಿದರೆ ನೀವು ಕೊಟ್ಟ ಚಲನೆಯೆಲ್ಲ ಹೋಗಿ ನಿಂತ ಚಿತ್ರ ಸಿಗುತ್ತದೆ. ಅಂಗಡಿಯ ಗೋಡೆಗೆ ಅಂಟಿಸಲು ಅದೂ ಬೇಕು, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

"ಜಿಫ್ ಯಾಕೆ ಬೇಡ?" ಎಂದು ಕೇಳುತ್ತಾರೆ. ಜಿಫ್ 1987ರಷ್ಟು ಹಳೆಯ ಬಗೆ. ಒಂದು ಚಿತ್ರದಲ್ಲಿ 256 ಬಣ್ಣ ಮಾತ್ರ ಹಿಡಿಸುತ್ತದೆ, ಧ್ವನಿ ಇರುವುದಿಲ್ಲ. ಗೆರೆ ಚಿತ್ರಕ್ಕೆ, ಸಣ್ಣ ಲೋಗೋಗೆ ಸರಿ. ಉಪ್ಪಿನಕಾಯಿ ರಸದ ಕೆಂಪಿನಲ್ಲಿ ಎಷ್ಟೊಂದು ಛಾಯೆ ಇರುತ್ತದೆ. ಜಿಫ್‌ನಲ್ಲಿ ಅದು ಚುಕ್ಕೆ ಚುಕ್ಕೆಯಾಗಿ ಮಣ್ಣಿನ ಹಾಗೆ ಕಾಣುತ್ತದೆ. ತಿನ್ನುವ ವಸ್ತುವಿಗೆ ಎಂಪಿ4 ಬಿಟ್ಟು ಬೇರೆ ಬೇಡ.

ಧ್ವನಿ ಬೇಕಾದರೆ ಸಿನಿಮಾ ಹಾಡು, ಯಾವುದೋ ಮೇಳದ ಪದ್ಯದ ರೆಕಾರ್ಡಿಂಗ್ ಹಾಕಬೇಡಿ. ಅದರ ಹಕ್ಕು ಬೇರೆಯವರದು. ನಿಮ್ಮದೇ ಧ್ವನಿ ಮಾಡಿ. ನಾನು ಅಡುಗೆಮನೆಯಲ್ಲಿ ಹಪ್ಪಳ ಕರಿಯುವ ಸದ್ದನ್ನು ಫೋನಿನಲ್ಲಿ ಹಿಡಿದು ಅಪ್‌ಲೋಡ್ ಮಾಡಿದೆ. ಬೆಲೆ ಅರಳುವ ಹೊತ್ತಿಗೆ ಸರಿಯಾಗಿ ಚರ್ ಎನ್ನುತ್ತದೆ. ಇಡೀ ಪೋಸ್ಟರ್‌ನಲ್ಲಿ ಜನ ಜಾಸ್ತಿ ಮೆಚ್ಚಿದ್ದು ಅದನ್ನೇ.

ಮಲೆನಾಡಿನವರಿಗೆ ಮಾತ್ರ ಹೇಳುವ ಮಾತು ಒಂದಿದೆ. ಕ್ಯಾನ್ವಾಗೆ ನೆಟ್ ಬೇಕು. ಜೂನ್ ಬಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಎಂಬ ದಿನಗಳು ಇರುತ್ತವೆ. ಫೋಟೋಗಳನ್ನು ಸಿಗ್ನಲ್ ಚೆನ್ನಾಗಿರುವ ಕಡೆ ಕೂತು ಮೊದಲೇ ಅಪ್‌ಲೋಡ್ ಮಾಡಿಟ್ಟುಕೊಳ್ಳಿ. ಮುಗಿದ ತಕ್ಷಣ ವಿಡಿಯೋ ಇಳಿಸಿ ಫೋನಿಗೆ ಹಾಕಿಕೊಳ್ಳಿ, "ನಾಳೆ ಮಾಡಿದರಾಯ್ತು" ಎನ್ನಬೇಡಿ. ಡೌನ್‌ಲೋಡ್ ಮಾಡುವಾಗ ಗುಣಮಟ್ಟ ಕಡಿಮೆ ಮಾಡುವ ಆಯ್ಕೆ ಇರುತ್ತದೆ. ಹಳ್ಳಿಯ ಗಿರಾಕಿಗಳಿಗೆ ಕಳಿಸಲು ಸಣ್ಣ ಫೈಲೇ ವಾಸಿ, ಬೇಗ ತೆರೆದುಕೊಳ್ಳುತ್ತದೆ.

ಸ್ಟೇಟಸ್‌ಗೆ ಹಾಕುವ ಮುಂಚೆ ಒಬ್ಬರಿಗೆ ಮಾತ್ರ ಕಳಿಸಿ. ಸಣ್ಣ ಪರದೆಯ, ಹಳೆಯ ಫೋನ್ ಇರುವವರಾದರೆ ಒಳ್ಳೆಯದು. ಅವರು ಒಂದು ಸಲ ನೋಡಲಿ. ಆಮೇಲೆ ಫೋನ್ ಕೆಳಗಿಡಿಸಿ "ಬೆಲೆ ಎಷ್ಟಿತ್ತು?" ಎಂದು ಕೇಳಿ. ನಾನು ನಮ್ಮ ಅಮ್ಮನಿಗೆ ಕಳಿಸುತ್ತೇನೆ. ಅವರು ಬೆಲೆ ಸರಿಯಾಗಿ ಹೇಳಿದರೆ ಸ್ಟೇಟಸ್‌ಗೆ ಹೋಗುತ್ತದೆ. ಹೇಳದಿದ್ದರೆ ಇನ್ನೊಂದು ಚಲನೆ ತೆಗೆದುಹಾಕುತ್ತೇನೆ.

ಹಳೆಯ ವಿನ್ಯಾಸವನ್ನು ಅಳಿಸಬೇಡಿ. ಮುಂದಿನ ವರ್ಷ ಅದನ್ನೇ ನಕಲು ಮಾಡಿ ಬೆಲೆಯ ಅಂಕಿ ತಿದ್ದಿದರೆ ಸಾಕು, ಪಾಪ್ ಹಾಗೇ ಇರುತ್ತದೆ. ಈ ಸಲ ಅತ್ತಿಗೆ ಅದನ್ನು ನನ್ನನ್ನು ಕೇಳದೆ ತಾವೇ ಮಾಡಿದರು, ಅಂಗಳದಲ್ಲಿ ಹಪ್ಪಳದ ಚಾಪೆ ಕಾಯುತ್ತಾ ಕೂತಲ್ಲೇ.